ಚಾಟ್ನಿ ಕಲಿಸಿದ ಪ್ರಸಂಗ

ಹೊರ್ತಿ ಭಾಗದ ಒಂದು ಸಣ್ಣ ಸಭೆಯಲ್ಲಿ ನಾನು ಮಾಡಿದ ಮೊದಲ ಪ್ರಸಂಗ ಐವತ್ತು ನಿಮಿಷದ್ದು. ದೇವಶಾಸ್ತ್ರ ಓದಿ ಬಂದ ಹೊಸದು. ವಿಜಯಪುರ ಜಿಲ್ಲೆಯೆಂದರೆ ದ್ರಾಕ್ಷಿಯ ನಾಡು, ಈ ಜನಕ್ಕೆ ಇದಕ್ಕಿಂತ ಹತ್ತಿರದ ಭಾಗ ಯಾವುದಿದ್ದೀತು ಎಂದು ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ಆರಿಸಿಕೊಂಡಿದ್ದೆ. ಏಳು ಹಾಳೆ ಬರೆದಿದ್ದೆ. ನೆಲೆಗೊಳ್ಳುವುದು, ನಲುಗುವುದು, ನಗುವುದು ಎಂದು ಮೂರು ಅಂಶ. ಮೂರೂ ‘ನ’ದಿಂದಲೇ ಶುರುವಾಗಬೇಕೆಂದು ಒಂದು ರಾತ್ರಿ ನಿದ್ದೆಗೆಟ್ಟಿದ್ದೆ. ಒಣಗಿದ ಕೊಂಬೆಗಳಂಥ ನಮ್ಮ ಪಾಪಗಳನ್ನು ದೇವರು ಕತ್ತರಿಸಿ ಬಿಸಾಡುತ್ತಾನೆ ಎಂದು ಗುಡುಗಿ ಕೂತೆ.

ಆರಾಧನೆ ಮುಗಿದ ಮೇಲೆ, ದ್ರಾಕ್ಷಿ ತೋಟದ ಕೂಲಿಯಲ್ಲೇ ಕೂದಲು ನರೆಸಿಕೊಂಡ ಒಬ್ಬ ಆಯಿ ಚಹಾ ಕೈಗಿಡುತ್ತ ಕೇಳಿದಳು: “ತಮ್ಮಾ, ನೀ ಯಾವಾಗರೆ ಚಾಟ್ನಿ ಮಾಡೀಯೇನು?” ಇಲ್ಲ ಎಂದೆ. “ಒಣಗಿದ್ದು ಮುರದ ಒಗಿಯೂದಕ್ಕ ಚಾಟ್ನಿ ಅನ್ನಂಗಿಲ್ಲೋ. ಹಸರ ಇದ್ದದ್ದು, ಚಲೋ ಇದ್ದದ್ದು, ಅದನ್ನ ಕಡಿಯೂದು ಚಾಟ್ನಿ.”

ಮನೆಗೆ ಬಂದು ಎರಡನೇ ವಚನ ತೆರೆದೆ. ಫಲ ಕೊಡದ ಕೊಂಬೆಯ ಮಾತು ಅಲ್ಲಿ ಅರ್ಧ ಮಾತ್ರ. ಫಲ ಕೊಡುವ ಕೊಂಬೆಯನ್ನೂ ತೋಟಗಾರ ಸವರುತ್ತಾನೆ, ಇನ್ನಷ್ಟು ಫಲ ಬರಲೆಂದು. ವಾರಗಟ್ಟಲೆ ಓದಿದ ನನಗೆ ಕಾಣದ್ದು, ಒಮ್ಮೆ ಕೇಳಿದ ಆಯಿಗೆ ಕಂಡಿತ್ತು.

ಆಮೇಲೆ ಬಿಡುವಾದಾಗಲೆಲ್ಲ ತೋಟಗಳಿಗೆ ಹೋದೆ. ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿಯಲ್ಲಿ ಹಳೆಯ ಕಡ್ಡಿಯನ್ನು ಬುಡದ ಹತ್ತಿರಕ್ಕೇ ತೆಗೆಯುತ್ತಾರೆ. ಹೊಸ ಕಡ್ಡಿ ಬೆಳೆದು, ಅದರ ಕಣ್ಣುಗಳೊಳಗೆ ಬರುವ ಸುಗ್ಗಿಯ ಗೊನೆ ಯಾರಿಗೂ ಕಾಣದ ಹಾಗೆ ಕೂಡುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ಆ ಕಡ್ಡಿಯನ್ನು ಕೆಲವೇ ಕಣ್ಣು ಉಳಿಸಿ ಕತ್ತರಿಸಿದರೆ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಹಣ್ಣು. ಪ್ರಸಂಗದ ತಯಾರಿಗೂ ಈ ಎರಡೂ ಬೇಕು ಎಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು.

ಏಪ್ರಿಲ್ ಚಾಟ್ನಿ ಓದಿನದು. ಸೋಮವಾರ ವಾಕ್ಯಭಾಗವನ್ನು ಗಟ್ಟಿಯಾಗಿ ಓದುತ್ತೇನೆ, ಹತ್ತು ಸಲವಾದರೂ. ಪೆನ್ನು ಮುಟ್ಟುವುದಿಲ್ಲ. ಮೊದಲೇ ತಲೆಯಲ್ಲಿ ಕೂತ ಅರ್ಥವನ್ನೆಲ್ಲ ಬುಡದಿಂದ ತೆಗೆಯುವುದು ಈ ಓದಿನ ಕೆಲಸ. ಆಮೇಲೆ ಪ್ರಶ್ನೆಗಳು: ಯಾರು ಹೇಳಿದರು, ಯಾರಿಗೆ, ಯಾವ ಹೊತ್ತಿನಲ್ಲಿ? ಬಳ್ಳಿಯ ಮಾತನ್ನು ಯೇಸು ಹೇಳಿದ್ದು ಹಿಡಿದುಕೊಡಲ್ಪಟ್ಟ ರಾತ್ರಿ; ಯೂದನು ಆಗಲೇ ಎದ್ದು ಹೋಗಿದ್ದ; ಎದುರಿಗಿದ್ದವರು ಉಳಿದ ಹನ್ನೊಂದು ಮಂದಿ ಶಿಷ್ಯರು. ಅಂದರೆ ಇದು ಗದರಿಕೆಯಲ್ಲ, ಅಗಲುವವನು ತನ್ನವರಿಗೆ ಹೇಳಿದ ಮಾತು. ಟೀಕಾಗ್ರಂಥ ತೆರೆಯುವುದು ಬುಧವಾರ. ಮೊದಲ ದಿನವೇ ತೆರೆದರೆ ಬೇರೆಯವರ ಪ್ರಸಂಗ ನನ್ನ ಬಾಯಲ್ಲಿ ಬರುತ್ತದೆ.

ಗುರುವಾರ ಸಂಜೆಯೊಳಗೆ ಇಡೀ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಅಮೆರಿಕದ ಹ್ಯಾಡನ್ ರಾಬಿನ್ಸನ್ 1980ರಲ್ಲಿ ಪ್ರಸಂಗಕಲೆಯ ಮೇಲೆ ಬರೆದ ಪಠ್ಯಪುಸ್ತಕ ಒತ್ತಿ ಹೇಳುವುದೂ ಇದನ್ನೇ: ಒಂದು ಪ್ರಸಂಗಕ್ಕೆ ಒಂದೇ ಮುಖ್ಯ ವಿಚಾರ. ಬಳ್ಳಿಯ ಪ್ರಸಂಗಕ್ಕೆ ನಾನು ಬರೆದುಕೊಂಡದ್ದು: “ಫಲ ಕೊಡುವ ಕಡ್ಡಿಗೂ ಕತ್ತರಿ ತಪ್ಪದು, ಆ ಕತ್ತರಿ ತಂದೆಯ ಕೈಯಲ್ಲಿದೆ.” ಇದರ ಕೆಳಗೆ ಒಂದೇ ಹಾಳೆಯಲ್ಲಿ ರೂಪರೇಖೆ. ಆರಂಭಕ್ಕೆ ಅಕ್ಟೋಬರ್ ತೋಟ. ಅಂಶ ಒಂದು, ತೋಟಗಾರ ಯಾರು. ಎರಡು, ಯಾವ ಕೊಂಬೆಯನ್ನು ಸವರುತ್ತಾನೆ. ಮೂರು, ಏತರಿಂದ ಸವರುತ್ತಾನೆ. ಕೊನೆಗೆ, ಕೇಳಿದವರು ಸೋಮವಾರ ಬೆಳಿಗ್ಗೆ ಮಾಡಬಹುದಾದ ಒಂದೇ ಕೆಲಸ. ಅಂಶಗಳು ವಚನದಿಂದಲೇ ಚಿಗುರಿದರೆ ಪ್ರಾಸ ಹುಡುಕುವ ಗೋಜಿಲ್ಲ.

ಮೂರನೇ ಅಂಶ ಮೊದಲು ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿದ ದಿನ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಕಷ್ಟನಷ್ಟವೆಲ್ಲ ದೇವರ ಚಾಟ್ನಿ ಎಂದು ಒಮ್ಮೆ ಸಾರಾಸಗಟಾಗಿ ಹೇಳಿಬಿಟ್ಟಿದ್ದೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಹಿಂದಿನ ಸಾಲಿನಲ್ಲಿದ್ದರು. ಎಲ್ಲರೂ ಹೋದ ಮೇಲೆ ಬಂದು, “ನನ್ನ ಮಗನ್ನೂ ದೇವರು ಚಾಟ್ನಿ ಮಾಡಿದನೇನ್ರಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವತ್ತು ರಾತ್ರಿ ಮತ್ತೆ ಓದಿದೆ. ಗ್ರೀಕ್ ಮೂಲದಲ್ಲಿ ಸವರುವುದಕ್ಕೆ ‘ಕಥೈರೆಯ್’ ಎಂಬ ಮಾತಿದೆ. ಮುಂದಿನ ವಚನದಲ್ಲಿ ಯೇಸು ಶಿಷ್ಯರನ್ನು ಶುದ್ಧರು ಎನ್ನುವಾಗ ಬರುವ ‘ಕಥರೋಯ್’ ಅದೇ ಬೇರಿನದು. ಅವರನ್ನು ಶುದ್ಧಮಾಡಿದ್ದು ತಾನು ಹೇಳಿದ ವಾಕ್ಯ ಎನ್ನುತ್ತಾನೆ. ಅಲ್ಲಿನ ಕತ್ತರಿ ವಾಕ್ಯ, ಸಾವಲ್ಲ, ಬರಗಾಲವಲ್ಲ. ಮರುದಿನ ಆ ತಾಯಿಯ ಮನೆಗೆ ಹೋಗಿ ತಪ್ಪಾಯಿತೆಂದೆ. ಅಂದಿನಿಂದ ಶುಕ್ರವಾರ ರೂಪರೇಖೆಯನ್ನು ಮೂರು ಮುಖಗಳ ಮುಂದೆ ಹಿಡಿದು ನೋಡುತ್ತೇನೆ: ದುಃಖದಲ್ಲಿರುವವರು, ಟ್ಯಾಂಕರ್ ನೀರಿಗೆ ಸಾಲ ಮಾಡಿ ಗಿಡ ಉಳಿಸಿಕೊಂಡ ರೈತ, ಇದೇ ಮೊದಲ ಸಲ ಬಂದು ಕೂತ ಹುಡುಗ.

ಅಕ್ಟೋಬರ್ ಚಾಟ್ನಿ ಶನಿವಾರದ್ದು. ಈ ಜಿಲ್ಲೆಯವು ಪಳಗಿದ ಕಿವಿಗಳು. ಜಾತ್ರೆಯ ಡೊಳ್ಳಿನ ಪದ, ಶ್ರಾವಣದ ಪುರಾಣ ಕೇಳಿದವು; 2023ರ ಜನವರಿ 2ರಂದು ನಮ್ಮನ್ನಗಲಿದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಿದವು. ಅವರು ದನಿ ಏರಿಸದೆ, ಸಣ್ಣ ಸಣ್ಣ ಮಾತಿನಲ್ಲಿ, ನಡುನಡುವೆ ಮೌನ ಬಿಟ್ಟು ಹೇಳುತ್ತಿದ್ದರು. ಕೇಳುವವರ ಧಾಟಿ ಕಲಿಯುವುದು ಕನ್ನಡ ಕ್ರೈಸ್ತರಿಗೆ ಹೊಸದಲ್ಲ. ನಿಘಂಟಿನ ಕಿಟೆಲರು 1862ರಲ್ಲೇ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯಕ್ಕೆ ತಂದಿದ್ದರು. ಹಾಗಾಗಿ ಶನಿವಾರ ಗಡಿಯಾರ ಮುಂದಿಟ್ಟು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಇಪ್ಪತ್ತು ನಿಮಿಷ ಮೀರಿದರೆ ಒಂದು ದೃಷ್ಟಾಂತ ಹೋಗಬೇಕು. ಬಾಯಿಪಾಠ ಮಾಡುವುದು ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ. ನಡುವಿನದಕ್ಕೆ ಹಾಳೆ ಸಾಕು.

ಏಳು ಹಾಳೆಯ ಆ ಮೊದಲ ಪ್ರಸಂಗ ಈಗಲೂ ನನ್ನ ಬೈಬಲಿನಲ್ಲಿದೆ. ಹೊಸದಾಗಿ ಪ್ರಸಂಗಕ್ಕೆ ನಿಲ್ಲುವ ತಮ್ಮಂದಿರಿಗೆ, ತಂಗಿಯರಿಗೆ ಅದನ್ನು ತೋರಿಸಿ ಒಂದು ಮಾತು ಹೇಳುತ್ತೇನೆ. ಒಣ ಮಾತು ಹೇಗೂ ಉದುರುತ್ತದೆ, ಅದರ ಚಿಂತೆ ಬಿಡಿ. ಶನಿವಾರ ರಾತ್ರಿ ನಿಮ್ಮ ಹಾಳೆಯಲ್ಲಿ ಹಸಿರಾಗಿರುವ ಮಾತು, ನಿಮಗೇ ಬಹಳ ಚಂದ ಕಂಡ ಮಾತು ಯಾವುದೆಂದು ನೋಡಿ. ಕತ್ತರಿ ಅಲ್ಲಿಗೆ ಹೋಗಲಿ.