ನಿರಪರಾಧಿಯ ಕಥೆ: ಸೇಡಿಗಿಂತ ಮೊದಲು ಬರುವ ಪ್ರಶ್ನೆ

ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸಿದವನ ಕಥೆ ಎಲ್ಲ ಭಾಷೆಗಳ ಸಾಹಿತ್ಯದಲ್ಲಿಯೂ ದೊರೆಯುತ್ತದೆ. ಅಂತಹ ಕಥೆಯನ್ನು ‘ಸೇಡಿನ ಕಥೆ’ ಎಂಬ ವರ್ಗಕ್ಕೆ ಸೇರಿಸಿಬಿಡುವುದು ವಾಡಿಕೆ. ಅನ್ಯಾಯ ನಡೆಯಿತು, ಅದಕ್ಕೆ ಗುರಿಯಾದವನು ಅಥವಾ ಅವನ ಮಗ ಎದ್ದು ನಿಂತ, ತಪ್ಪು ಹೊರಿಸಿದವರನ್ನು ಹುಡುಕಿ ಲೆಕ್ಕ ತೀರಿಸಿದ. ಜನಪ್ರಿಯ ಚಲನಚಿತ್ರಗಳ ಹಂದರವು ಬಹುಮಟ್ಟಿಗೆ ಇಷ್ಟೇ. ಆದರೆ ಈ ಬಗೆಯ ಶ್ರೇಷ್ಠ ಕೃತಿಗಳನ್ನು ಗಮನವಿಟ್ಟು ನೋಡಿದರೆ ಅವುಗಳ ಕೇಂದ್ರದಲ್ಲಿರುವುದು ಸೇಡಲ್ಲ, ವಿಚಾರಣೆ ಎಂಬುದು ತಿಳಿಯುತ್ತದೆ. ಯಾರು ಹೊಡೆದರು ಎನ್ನುವುದಕ್ಕಿಂತ ಯಾರು ಕೇಳಲಿಲ್ಲ ಎನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ. ಒಂದು ಬಂಗಾಳಿ ಚಿತ್ರವನ್ನೂ ಕನ್ನಡದ ಕೆಲವು ಕಥನಗಳನ್ನೂ ಜೊತೆಯಲ್ಲಿಟ್ಟು ಈ ಮಾತನ್ನು ಪರಿಶೀಲಿಸಬಹುದು.

ಬಂಗಾಳದ ಒಂದು ಮಾದರಿ

1955ರಲ್ಲಿ ತೆರೆಕಂಡ ‘ಸಬಾರ್ ಉಪರೇ’ ಬಂಗಾಳಿ ಚಿತ್ರರಂಗದ ಹೆಸರಾಂತ ಕೃತಿಗಳಲ್ಲಿ ಒಂದು. ‘ಅಗ್ರದೂತ್’ ಎಂಬ ಹೆಸರಿನಲ್ಲಿ ಒಟ್ಟಾಗಿ ದುಡಿಯುತ್ತಿದ್ದ ತಂತ್ರಜ್ಞರ ತಂಡ ಇದನ್ನು ನಿರ್ದೇಶಿಸಿತು. ಉತ್ತಮ್ ಕುಮಾರ್, ಸುಚಿತ್ರಾ ಸೇನ್ ಮತ್ತು ಛವಿ ಬಿಶ್ವಾಸ್ ಮುಖ್ಯ ಪಾತ್ರಧಾರಿಗಳು. ಶೀರ್ಷಿಕೆಯ ಅರ್ಥ ‘ಎಲ್ಲಕ್ಕಿಂತ ಮೇಲೆ’. ಮನುಷ್ಯನನ್ನೇ ಎಲ್ಲಕ್ಕಿಂತ ಮಿಗಿಲಾದ ಸತ್ಯವೆಂದು ಸಾರುವ, ಚಂಡೀದಾಸನ ಹೆಸರಿನಲ್ಲಿ ಪ್ರಸಿದ್ಧವಾದ ಉಕ್ತಿಯನ್ನು ಅದು ಬಂಗಾಳಿ ಪ್ರೇಕ್ಷಕನಿಗೆ ನೆನಪಿಸುತ್ತದೆ. ಕಥೆಯ ಮೂಲ ಎ. ಜೆ. ಕ್ರೋನಿನ್ 1953ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ. ಇದೇ ಕಥೆ 1958ರಲ್ಲಿ ರಾಜ್ ಖೋಸ್ಲಾ ಅವರ ನಿರ್ದೇಶನದಲ್ಲಿ, ದೇವ್ ಆನಂದ್ ಅಭಿನಯದಲ್ಲಿ ‘ಕಾಲಾ ಪಾನಿ’ ಎಂಬ ಹಿಂದಿ ಚಿತ್ರವಾಯಿತು.

ಕೊಲೆಯ ಆರೋಪದ ಮೇಲೆ ಸೆರೆಮನೆ ಸೇರಿದ ತಂದೆಯ ಸಂಗತಿ ಮಗನಿಗೆ ತಡವಾಗಿ ತಿಳಿಯುತ್ತದೆ. ತಂದೆ ನಿರಪರಾಧಿ ಎಂದು ನಂಬಿದ ಮಗ ಕೊಲೆ ನಡೆದ ಊರಿಗೆ ಹೋಗಿ, ಹಳೆಯ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ, ಮುಚ್ಚಿಹೋದ ಮೊಕದ್ದಮೆಯನ್ನು ಮತ್ತೆ ತೆರೆಸುತ್ತಾನೆ. ಮಗನ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಅವನ ಆಯುಧ ಪ್ರಶ್ನೆ. ಸೇಡಿನ ಕಥೆಯ ಎಲ್ಲ ಬಿಸಿಯೂ ಇಲ್ಲಿದೆ; ಆದರೆ ಆ ಬಿಸಿ ಸಾಕ್ಷ್ಯ ಸಂಗ್ರಹದ ಕಡೆಗೆ ತಿರುಗಿದೆ.

ಚಿತ್ರದ ಅತ್ಯಂತ ಪ್ರಸಿದ್ಧ ಭಾಗ ಛವಿ ಬಿಶ್ವಾಸ್ ಅಭಿನಯಿಸಿದ ತಂದೆಯ ಪಾತ್ರಕ್ಕೆ ಸೇರಿದ್ದು. ಸೆರೆಯಲ್ಲಿ ಕಳೆದುಹೋದ ತನ್ನ ಹನ್ನೆರಡು ವರ್ಷಗಳನ್ನು ಮರಳಿ ಕೊಡಿರೆಂದು ಆತ ಕೇಳುತ್ತಾನೆ. ಈ ಬೇಡಿಕೆಗೆ ಯಾವ ನ್ಯಾಯಾಲಯದಲ್ಲಿಯೂ ಉತ್ತರವಿಲ್ಲ. ತೀರ್ಪನ್ನು ತಿದ್ದಬಹುದು, ಬಿಡುಗಡೆಯ ಆಜ್ಞೆ ಹೊರಡಿಸಬಹುದು, ನಿಜವಾದ ಅಪರಾಧಿಯನ್ನು ಹಿಡಿಯಬಹುದು, ಕಾಲವನ್ನು ಹಿಂದಿರುಗಿಸಲಾಗದು. ಸೇಡಿನಿಂದಲೂ ಅದು ಸಾಧ್ಯವಿಲ್ಲ. ಆದುದರಿಂದಲೇ ಶಿಕ್ಷೆ ವಿಧಿಸಿದ ಮೇಲೆ ತಪ್ಪನ್ನು ತಿದ್ದುವುದಕ್ಕಿಂತ ವಿಧಿಸುವ ಮೊದಲು ವಿಚಾರಿಸುವುದು ಮುಖ್ಯವೆಂಬ ಅರಿವು ಪ್ರೇಕ್ಷಕನಲ್ಲಿ ಮೂಡುತ್ತದೆ.

ಬಹಿರಂಗ ಅನ್ಯಾಯ, ಮರೆಯ ಅನ್ಯಾಯ

ಕನ್ನಡ ಕಾವ್ಯಪರಂಪರೆಗೆ ಸೇಡು ಅಪರಿಚಿತವಲ್ಲ. ಮುಧೋಳದ ರನ್ನನ ‘ಗದಾಯುದ್ಧ’ವು ಪ್ರತಿಜ್ಞೆ ತೀರಿಸುವ ಭೀಮನನ್ನೇ ನಾಯಕನನ್ನಾಗಿ ಮಾಡಿಕೊಂಡ ಕೃತಿ. ಅಲ್ಲಿನ ಸೇಡಿಗೆ ಸಾಕ್ಷಿ ಬೇಕಿಲ್ಲ. ದ್ರೌಪದಿಗೆ ಆದ ಅವಮಾನ ತುಂಬಿದ ಸಭೆಯಲ್ಲಿ, ಹಿರಿಯರೆಲ್ಲರ ಕಣ್ಣೆದುರಿಗೆ ನಡೆದದ್ದು. ಯಾರು ಮಾಡಿದರೆಂಬ ಸಂದೇಹವೇ ಅಲ್ಲಿಲ್ಲ. ತೀರಿಸುವವರು ಯಾರೆಂಬುದಷ್ಟೇ ಉಳಿದ ಪ್ರಶ್ನೆ. ಹೀಗಾಗಿ ರೌದ್ರಕ್ಕೂ ವೀರಕ್ಕೂ ಅಲ್ಲಿ ನೇರವಾದ ದಾರಿಯಿದೆ.

ಸುಳ್ಳು ಆರೋಪದ ಕಥೆಯಲ್ಲಿ ಈ ದಾರಿ ಮುಚ್ಚಿರುತ್ತದೆ. ಅನ್ಯಾಯ ಮರೆಯಲ್ಲಿ ನಡೆದಿದೆ. ಲೋಕದ ಕಣ್ಣಿಗೆ ಆರೋಪಿಯೇ ಅಪರಾಧಿ. ಅವನು ಕೋಪಗೊಂಡರೆ ಅದೂ ಅವನ ತಪ್ಪಿಗೆ ಸಾಕ್ಷಿಯಾಗಿಬಿಡುತ್ತದೆ. ಆದುದರಿಂದ ಮರೆಯ ಅನ್ಯಾಯದಲ್ಲಿ ಪುರಾವೆ ಮೊದಲು, ಉಳಿದದ್ದೆಲ್ಲ ಅನಂತರ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಈ ತತ್ತ್ವವನ್ನೇ ಹೇಳುತ್ತದೆ. ಕಂಡದ್ದನ್ನು ಕೂಡ ಪರೀಕ್ಷಿಸಬೇಕೆಂದ ಮೇಲೆ ಕೇಳಿದ್ದರ ಗತಿಯೇನು?

ಚಂದ್ರಮತಿಯ ಮೇಲಿನ ಆರೋಪ

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವನ್ನು ಸತ್ಯನಿಷ್ಠೆಯ ಕಾವ್ಯವೆಂದು ಓದುವುದು ಸಹಜ. ಅದರ ಉತ್ತರಾರ್ಧವನ್ನು ಸುಳ್ಳು ಆರೋಪದ ಕಥನವೆಂದೂ ಓದಬಹುದು. ಹಾವು ಕಚ್ಚಿ ಸತ್ತ ಲೋಹಿತಾಶ್ವನ ಸಂಸ್ಕಾರಕ್ಕಾಗಿ ಪರದಾಡುತ್ತಿದ್ದ ಚಂದ್ರಮತಿ, ಕಳ್ಳರು ಕೊಂದು ಎಸೆದ ಕಾಶೀರಾಜನ ಮಗುವನ್ನು ತನ್ನ ಮಗನೆಂದೇ ಭ್ರಮಿಸಿ ಶೋಕಿಸುತ್ತಾಳೆ. ಕಾವಲಿನವರಿಗೆ ಕಂಡದ್ದು ಸತ್ತ ರಾಜಕುಮಾರ, ಅವನ ಬಳಿಯಲ್ಲಿ ಒಬ್ಬ ಅನಾಥ ಹೆಂಗಸು. ಅಷ್ಟೇ ಸಾಕಾಗುತ್ತದೆ. ಅವಳ ಅಳುವೇ ಅವಳ ವಿರುದ್ಧದ ಸಾಕ್ಷಿಯಾಗಿ ಮರಣದಂಡನೆ ವಿಧಿಸಲ್ಪಡುತ್ತದೆ. ಆ ಶಿಕ್ಷೆಯನ್ನು ಜಾರಿಗೊಳಿಸಬೇಕಾದವನು ವೀರಬಾಹುವಿನ ಸೇವಕನಾದ ಅವಳ ಗಂಡನೇ.

ಇಲ್ಲಿ ಕಾಶೀರಾಜನು ಕ್ರೂರಿಯಲ್ಲ, ಮಗನನ್ನು ಕಳೆದುಕೊಂಡ ತಂದೆ. ಅವನ ಶೋಕ ನಿಜ. ಆ ಶೋಕದಲ್ಲಿ ಕೊಟ್ಟ ತೀರ್ಪು ಮಾತ್ರ ತಪ್ಪು. ನೊಂದವನೇ ನ್ಯಾಯಾಧೀಶನಾದಾಗ ಕೈಗೆ ಸಿಕ್ಕವರು ಅಪರಾಧಿಗಳಾಗುತ್ತಾರೆ ಎಂಬ ಸೂಕ್ಷ್ಮ ಈ ಪ್ರಸಂಗದಲ್ಲಿದೆ. ಸೇಡಿನ ಅಪಾಯವೂ ಇದೇ. ಕೊಂದವರು ಕಳ್ಳರು, ಸೇಡಿಗೆ ಗುರಿಯಾದವಳು ತಾಯಿ.

ರಾಘವಾಂಕನು ಈ ಬಿಕ್ಕಟ್ಟನ್ನು ದೈವದ ಪ್ರತ್ಯಕ್ಷತೆಯಿಂದ ಬಿಡಿಸುತ್ತಾನೆ. ಎತ್ತಿದ ಕತ್ತಿ ಇಳಿಯುವ ಮುನ್ನ ಶಿವ ಮೈದೋರುತ್ತಾನೆ. ಮಗ ಬದುಕುತ್ತಾನೆ, ರಾಜ್ಯ ಮರಳುತ್ತದೆ. ಬಂಗಾಳಿ ಚಿತ್ರದ ತಂದೆಗೆ ದೊರೆಯದ ಮರುಪಾವತಿ ಇಲ್ಲಿ ದೊರೆಯುತ್ತದೆ. ಆದರೆ ಅದಕ್ಕೆ ದೈವವೇ ಬರಬೇಕಾಯಿತು ಎಂಬುದನ್ನು ಮರೆಯಬಾರದು. ಮನುಷ್ಯರ ನ್ಯಾಯಸ್ಥಾನ ಸೋತ ಮೇಲೆ ಮಾತ್ರ ದೈವದ ಪ್ರವೇಶವಾಗುತ್ತದೆ.

ಕುಮಾರರಾಮ ಮತ್ತು ಪರೀಕ್ಷಿಸದ ತಲೆ

ಕನ್ನಡದಲ್ಲಿ ಸುಳ್ಳು ಆರೋಪಕ್ಕೆ ಗುರಿಯಾದ ಪುರುಷನ ಮಹತ್ತರ ಕಥೆ ಕುಮಾರರಾಮನದು. ಕಂಪಿಲಿ ರಾಜ್ಯವು 1327ರ ಸುಮಾರಿಗೆ ದೆಹಲಿಯ ಸೈನ್ಯದ ದಾಳಿಗೆ ಸಿಕ್ಕಿ ಅಳಿಯಿತು. ಆ ರಾಜ್ಯದ ಅರಸ ಕಂಪಿಲರಾಯನ ಮಗನನ್ನು ನಾಯಕನನ್ನಾಗಿಸಿ ನಂಜುಂಡ ಕವಿ ಸಾಂಗತ್ಯದಲ್ಲಿ ‘ರಾಮನಾಥ ಚರಿತೆ’ ರಚಿಸಿದನು. ಬೇರೆ ಸಾಂಗತ್ಯ ಕೃತಿಗಳೂ ಜನಪದ ಹಾಡುಗಳೂ ಇದೇ ವಸ್ತುವನ್ನು ಬೆಳೆಸಿವೆ. ‘ಪರನಾರೀಸಹೋದರ’ ಎಂಬುದು ಈ ನಾಯಕನ ಬಿರುದು.

ಚೆಂಡಾಟದಲ್ಲಿ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಅವಳು ಮೋಹಿಸುತ್ತಾಳೆ. ಅವನು ನಿರಾಕರಿಸಿದಾಗ, ತನ್ನ ಮೇಲೆ ಕೈಮಾಡಿದನೆಂದು ಗಂಡನಲ್ಲಿ ದೂರುತ್ತಾಳೆ. ಕಂಪಿಲರಾಯ ಮಗನನ್ನು ಕರೆಸಿ ಕೇಳುವುದಿಲ್ಲ. ತಲೆ ತೆಗೆಯುವಂತೆ ಆಜ್ಞಾಪಿಸುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಅರಸನಿಗೆ ಇನ್ನೊಂದು ತಲೆಯನ್ನು ತೋರಿಸುತ್ತಾನೆ.

ಈ ಸನ್ನಿವೇಶದಲ್ಲಿ ಗಮನಿಸಬೇಕಾದ ಒಂದು ವ್ಯಂಗ್ಯವಿದೆ. ದೂರನ್ನು ಪರೀಕ್ಷಿಸದ ಅರಸ ತಲೆಯನ್ನೂ ಪರೀಕ್ಷಿಸಲಿಲ್ಲ. ಯಾವ ದೋಷದಿಂದ ನಿರಪರಾಧಿಗೆ ಮರಣದಂಡನೆಯಾಯಿತೋ ಅದೇ ದೋಷದಿಂದ ಅವನ ಜೀವ ಉಳಿಯಿತು. ಬೈಚಪ್ಪ ತನ್ನ ದೊರೆಯನ್ನು ಚೆನ್ನಾಗಿ ಬಲ್ಲವನು. ಕೇಳದವನು ನೋಡುವುದೂ ಇಲ್ಲವೆಂಬುದು ಅವನಿಗೆ ಗೊತ್ತು. ಮಂತ್ರಿಯ ಈ ಉಪಾಯವನ್ನು ಕೇವಲ ಕಥಾತಂತ್ರವೆಂದು ಬಿಟ್ಟುಬಿಡದೆ, ಅರಸೊತ್ತಿಗೆಯ ವಿಮರ್ಶೆಯೆಂದು ಓದಬೇಕು.

ಮಲತಾಯಿಯ ಸುಳ್ಳು ದೂರಿನ ಆಶಯ ಬಹಳ ಹಳೆಯದು. ಗ್ರೀಕ್ ನಾಟಕಕಾರ ಯೂರಿಪಿಡೀಸನ ಹಿಪ್ಪೊಲಿಟಸ್, ಅಶೋಕನ ಮಗ ಕುಣಾಲ, ತೆಲುಗಿನ ಸಾರಂಗಧರ ಇವರೆಲ್ಲ ಕುಮಾರರಾಮನ ಬಂಧುಗಳು. ಒಡೆಯನ ಹೆಂಡತಿಯ ದೂರಿಗೆ ಗುರಿಯಾದ ಯೋಸೇಫನೂ ಇದೇ ಸಾಲಿನವನು. ಕುರ್‌ಆನಿನಲ್ಲಿ ಬರುವ ಯೂಸುಫನ ಕಥೆಯಲ್ಲಿ ಮಾತ್ರ ಒಂದು ಪರೀಕ್ಷೆ ನಡೆಯುತ್ತದೆ: ಅಂಗಿ ಮುಂದಿನಿಂದ ಹರಿದಿದ್ದರೆ ಅವನು ತಪ್ಪಿತಸ್ಥ, ಹಿಂದಿನಿಂದ ಹರಿದಿದ್ದರೆ ಅವಳು ಸುಳ್ಳುಗಾರ್ತಿ. ಅಂಗಿ ಹರಿದದ್ದು ಹಿಂದಿನಿಂದ. ಕಂಪಿಲರಾಯನ ಆಸ್ಥಾನದಲ್ಲಿ ಇಂತಹ ಒಂದು ಪ್ರಶ್ನೆ ಹುಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೂ ಯೂಸುಫ ಸೆರೆಮನೆಗೆ ಹೋಗಬೇಕಾಯಿತು. ಪುರಾವೆ ದೊರೆತರಷ್ಟೇ ಸಾಲದು, ಅದನ್ನು ಮನ್ನಿಸುವ ಅಧಿಕಾರವೂ ಬೇಕು.

ಶತ್ರುಸೈನ್ಯ ಮುತ್ತಿದಾಗ ಕುಮಾರರಾಮ ನೆಲಮಾಳಿಗೆಯಿಂದ ಹೊರಬರುತ್ತಾನೆ. ಸೇಡಿನ ಕಥೆಯಾಗಿದ್ದರೆ ಅವನ ಕತ್ತಿ ಮೊದಲು ತಿರುಗಬೇಕಾದದ್ದು ರತ್ನಾಜಿಯ ಕಡೆಗೆ ಅಥವಾ ತಂದೆಯ ಕಡೆಗೆ. ಅವನು ಹೋಗುವುದು ರಣರಂಗಕ್ಕೆ. ತನ್ನನ್ನು ಕೊಲ್ಲಿಸಲು ಹೇಳಿದ ತಂದೆಯ ರಾಜ್ಯಕ್ಕಾಗಿಯೇ ಹೋರಾಡಿ ಮಡಿಯುತ್ತಾನೆ. ಸುಳ್ಳು ಹೇಳಿದ ರತ್ನಾಜಿ ತನ್ನ ಜೀವವನ್ನು ತಾನೇ ಕಳೆದುಕೊಳ್ಳುತ್ತಾಳೆ. ನಾಯಕನ ಕೈಗೆ ಸೇಡಿನ ರಕ್ತ ಹತ್ತದಂತೆ ಕವಿ ಎಚ್ಚರ ವಹಿಸಿದ್ದಾನೆ.

ಜತ್ತದ ನೆಲದಲ್ಲಿ: ಸಿಂದೂರ ಲಕ್ಷ್ಮಣ

ಶೇಗಾಂವ ಇರುವ ಜತ್ತ ತಾಲ್ಲೂಕಿನಲ್ಲಿಯೇ ಸಿಂದೂರು ಎಂಬ ಊರಿದೆ. ಆ ಊರಿನ ಹೆಸರನ್ನು ಹೊತ್ತ ಸಿಂದೂರ ಲಕ್ಷ್ಮಣನ ಕಥೆ ಈ ಚರ್ಚೆಯನ್ನು ಪುರಾಣ-ಇತಿಹಾಸಗಳಿಂದ ಇಪ್ಪತ್ತನೆಯ ಶತಮಾನಕ್ಕೆ ತರುತ್ತದೆ. ಆಗ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಬೇಡ ಸಮುದಾಯದ ಲಕ್ಷ್ಮಣ ಉಳ್ಳವರನ್ನು ದೋಚಿ ಇಲ್ಲದವರಿಗೆ ಹಂಚಿದ, ಬ್ರಿಟಿಷ್ ಆಡಳಿತಕ್ಕೆ ಸವಾಲಾದ, ನಂಬಿದವರ ದ್ರೋಹದಿಂದ 1922ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಎಂದು ಉತ್ತರ ಕರ್ನಾಟಕದ ಹಾಡು-ನಾಟಕಗಳು ಹೇಳುತ್ತವೆ. ಅವನ ಕಥೆ ವೃತ್ತಿರಂಗಭೂಮಿಯಲ್ಲಿ ಅಪಾರ ಜನಪ್ರಿಯತೆ ಗಳಿಸಿತು. 1977ರಲ್ಲಿ ಹುಣಸೂರು ಕೃಷ್ಣಮೂರ್ತಿ ಅವರ ನಿರ್ದೇಶನದಲ್ಲಿ ‘ವೀರ ಸಿಂಧೂರ ಲಕ್ಷ್ಮಣ’ ಚಲನಚಿತ್ರವಾಯಿತು.

ಲಕ್ಷ್ಮಣನನ್ನು ಚಂದ್ರಮತಿ, ಕುಮಾರರಾಮರಂತೆ ‘ಮಾಡದ ತಪ್ಪಿಗೆ ಗುರಿಯಾದವನು’ ಎಂದು ನೇರವಾಗಿ ಹೇಳುವಂತಿಲ್ಲ. ಸರಕಾರದ ಕಣ್ಣಿಗೆ ಅವನು ದರೋಡೆಕೋರ; ಜನರ ಹಾಡಿನಲ್ಲಿ ವೀರ. ಇಲ್ಲಿ ವಿವಾದ ಕೃತ್ಯದ ಬಗ್ಗೆ ಅಲ್ಲ, ಆ ಕೃತ್ಯಕ್ಕೆ ಕೊಟ್ಟ ಹೆಸರಿನ ಬಗ್ಗೆ. ಇದೇ ಬಗೆಯ ಎರಡು ತೀರ್ಪುಗಳು ಸಂಗೊಳ್ಳಿ ರಾಯಣ್ಣನ ವಿಷಯದಲ್ಲಿಯೂ ಇವೆ. ಕಂಪನಿ ಸರಕಾರ 1831ರಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿತು. ಜನ ಅದೇ ನಂದಗಡದ ಸಮಾಧಿಯನ್ನು ಪೂಜಾಸ್ಥಾನ ಮಾಡಿಕೊಂಡರು. ರಾಯಣ್ಣನ ಮತ್ತು ಹಲಗಲಿ ಬೇಡರ ಲಾವಣಿಗಳನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಂಗ್ರಹಿಸಿದವನು ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಎಂಬುದು ಗಮನಾರ್ಹ. ಅಧಿಕಾರದ ದಾಖಲೆಯಲ್ಲಿ ಸೋತವರ ಹೇಳಿಕೆ ಲಾವಣಿಯಲ್ಲಿ ಉಳಿದುಕೊಂಡಿತು.

ಲಕ್ಷ್ಮಣನ ಕಾಲದ ಇನ್ನೊಂದು ವಾಸ್ತವವನ್ನೂ ಇಲ್ಲಿ ನೆನೆಯಬೇಕು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ನೋಂದಾಯಿಸಿತು. ಪೊಲೀಸರೆದುರು ಹಾಜರಿ, ಸಂಚಾರಕ್ಕೆ ನಿರ್ಬಂಧ ಇವೆಲ್ಲ ಅವರ ಪಾಲಿಗೆ ಬಂದವು. ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಅಂತಹವರಿಗಾಗಿ ಸೆಟ್ಲ್‌ಮೆಂಟುಗಳಿದ್ದವು. ಕಾಯ್ದೆ ರದ್ದಾದದ್ದು 1952ರಲ್ಲಿ. ಕಂಪಿಲರಾಯ ಒಂದು ದೂರನ್ನಾದರೂ ಕೇಳಿದ್ದ. ಈ ಕಾಯ್ದೆಗೆ ದೂರು ಕೂಡ ಬೇಕಿರಲಿಲ್ಲ. ಲಕ್ಷ್ಮಣ ಗಾಯಕವಾಡರ ಮರಾಠಿ ಆತ್ಮಕಥನ ‘ಉಚಲ್ಯಾ’ (1987) ಈ ಕಳಂಕ ಕಾಯ್ದೆ ಹೋದ ಮೇಲೂ ಹೇಗೆ ಉಳಿಯಿತೆಂಬುದನ್ನು ಹೇಳುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ಗಡಿನಾಡ ವಿದ್ಯಾರ್ಥಿ ಈ ಕೃತಿಯನ್ನು ಕುಮಾರರಾಮನ ಕಥೆಯ ಜೊತೆಗಿಟ್ಟು ಓದಿದರೆ, ಸುಳ್ಳು ಆರೋಪವೆಂಬುದು ಒಬ್ಬ ವ್ಯಕ್ತಿಯ ದುರ್ದೈವ ಮಾತ್ರವಲ್ಲ, ಒಂದು ವ್ಯವಸ್ಥೆಯೂ ಆಗಬಲ್ಲದೆಂಬುದು ಸ್ಪಷ್ಟವಾಗುತ್ತದೆ.

ಸಮಾರೋಪ

ನಾಲ್ಕು ಕಥನಗಳಲ್ಲಿ ನಾಲ್ಕು ಬಗೆಯ ಪರಿಹಾರಗಳಿವೆ. ರಾಘವಾಂಕನಲ್ಲಿ ದೈವ ಸಾಕ್ಷಿ ನುಡಿಯುತ್ತದೆ. ಕುಮಾರರಾಮನಿಗೆ ಒಬ್ಬ ವಿವೇಕಿ ಮಂತ್ರಿ ಆಸರೆಯಾಗುತ್ತಾನೆ. ಬಂಗಾಳಿ ಚಿತ್ರದಲ್ಲಿ ಮಗನ ಪರಿಶ್ರಮದಿಂದ ನ್ಯಾಯಾಲಯ ತನ್ನ ತಪ್ಪನ್ನು ಕಾಣುತ್ತದೆ. ಸಿಂದೂರ ಲಕ್ಷ್ಮಣನ ಪಾಲಿಗೆ ಜನರ ಹಾಡೇ ಮೇಲ್ಮನವಿಯ ನ್ಯಾಯಾಲಯ. ಈ ಯಾವುದೂ ಪೂರ್ಣ ಪರಿಹಾರವಲ್ಲ. ದೈವ ಎಲ್ಲರಿಗೂ ಬರುವುದಿಲ್ಲ. ಬೈಚಪ್ಪನಂತಹ ಮಂತ್ರಿ ಎಲ್ಲ ಆಸ್ಥಾನಗಳಲ್ಲಿ ಇರುವುದಿಲ್ಲ. ನ್ಯಾಯಾಲಯ ವರ್ಷಗಳನ್ನು ಹಿಂದಿರುಗಿಸಲಾರದು. ಹಾಡು ಸತ್ತವನನ್ನು ಬದುಕಿಸಲಾರದು. ಶಿಕ್ಷೆಗೆ ಮೊದಲು ಕೇಳುವ ಒಂದು ಪ್ರಶ್ನೆ ಮಾತ್ರ ಇವೆಲ್ಲಕ್ಕಿಂತ ಅಗ್ಗವಾದದ್ದು, ಇವೆಲ್ಲಕ್ಕಿಂತ ಅಪರೂಪವಾದದ್ದು.

ಅಭ್ಯಾಸಕ್ಕೆ

1. ಕಾಶೀರಾಜ ಮತ್ತು ಕಂಪಿಲರಾಯ ಇಬ್ಬರೂ ವಿಚಾರಿಸದೆ ತೀರ್ಪು ಕೊಟ್ಟವರು. ಅವರ ತಪ್ಪು ಒಂದೇ ಬಗೆಯದೇ? ಸಕಾರಣವಾಗಿ ಚರ್ಚಿಸಿರಿ.

2. ರತ್ನಾಜಿಯ ಪಾತ್ರವನ್ನು ಅವಳ ವಿವಾಹದ ಹಿನ್ನೆಲೆಯಲ್ಲಿ ಪುನಃ ಪರಿಶೀಲಿಸಿರಿ. ಅವಳ ಮಾತನ್ನು ಕಾವ್ಯ ಎಷ್ಟರಮಟ್ಟಿಗೆ ಕೇಳಿಸಿಕೊಳ್ಳುತ್ತದೆ?

3. ಸಿಂದೂರ ಲಕ್ಷ್ಮಣನ ಕುರಿತು ನಿಮ್ಮ ಊರಿನ ಹಿರಿಯರು ಬಲ್ಲ ಹಾಡು ಅಥವಾ ನಾಟಕದ ಭಾಗವನ್ನು, ಹೇಳಿದವರ ಒಪ್ಪಿಗೆ ಪಡೆದು, ಸ್ಥಳ ಮತ್ತು ದಿನಾಂಕದೊಂದಿಗೆ ಅವರಾಡಿದ ಭಾಷೆಯಲ್ಲಿಯೇ ಬರೆದುಕೊಳ್ಳಿರಿ. ಎರಡು ಪಾಠಗಳು ಸಿಕ್ಕರೆ ಅವುಗಳ ವ್ಯತ್ಯಾಸವನ್ನು ಗುರುತಿಸಿರಿ. ಒಂದನ್ನು ಸರಿಯೆಂದು ತೀರ್ಪು ಕೊಡುವ ಮೊದಲು ಎರಡನ್ನೂ ಕೇಳಿರಿ.