ಹೀಟರ್ ತಣ್ಣಗೆ, ಪಂಪು ಬಿಸಿ: ಲೋ ವೋಲ್ಟೇಜಿನ ಲೆಕ್ಕ

ಪುಂಜಾಲಕಟ್ಟೆಯಿಂದ ಮಡಂತ್ಯಾರಿನತ್ತ ಹೋಗಿ, ವಾಮದಪದವಿನತ್ತ ಹೋಗಿ, ಎಲ್ಲಿ ನೋಡಿದರೂ ಅಡಿಕೆ ತೋಟ. ಬೇಸಿಗೆಯಲ್ಲಿ ತೋಡು ಬತ್ತಿದ ಮೇಲೆ ಎಲ್ಲರ ಪಂಪೂ ಒಂದೇ ಹೊತ್ತಿಗೆ ಓಡುತ್ತದೆ, ಲೈನಿನ ತುದಿಯಲ್ಲಿದ್ದವರಿಗೆ ವೋಲ್ಟೇಜ್ ಬೀಳುತ್ತದೆ. ಆಗ ಸ್ನಾನದ ನೀರಿಗೆ ಇಳಿಬಿಟ್ಟ ಹೀಟರ್ ರಾಡ್ ಸೋಮಾರಿಯಾದರೆ, ತೋಟದ ಮೋಟಾರು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಎರಡಕ್ಕೂ ಬರುವುದು ಅದೇ ಕರೆಂಟು. ಹಾಗಿದ್ದರೆ ಹೀಗೇಕೆ? ಹತ್ತನೇ ತರಗತಿಯ ಎರಡು ಸೂತ್ರಗಳು ಗೊತ್ತಿದ್ದರೆ ಉತ್ತರ ಸಿಗುತ್ತದೆ.

ಗುಡ್ಡೆಯ ಮೇಲಿನ ಟ್ಯಾಂಕಿಯಿಂದ ಪೈಪಿನಲ್ಲಿ ನೀರು ಇಳಿಯುವುದನ್ನು ನೆನಪಿಸಿಕೊಳ್ಳಿ. ಟ್ಯಾಂಕಿ ಎತ್ತರದಲ್ಲಿದ್ದಷ್ಟೂ ಒತ್ತಡ ಹೆಚ್ಚು, ಅದು ವೋಲ್ಟೇಜ್. ಹರಿಯುವ ನೀರಿನ ಪ್ರಮಾಣ ಕರೆಂಟು, ಅಳತೆ ಆಂಪಿಯರ್‌ನಲ್ಲಿ. ಪೈಪು ಸಪೂರವಾಗಿ ಉದ್ದವಾದಷ್ಟೂ ಹರಿವಿಗೆ ಅಡ್ಡಿ. ಅದು ರೋಧ, ಅಳತೆ ಓಮ್‌ನಲ್ಲಿ. ಈ ಮೂರರ ನಂಟನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಮ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಎಂಬುದು ನಮ್ಮಂಥ ಮೇಷ್ಟ್ರುಗಳಿಗೆ ಸಣ್ಣ ಹೆಮ್ಮೆ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವಾಟ್, ಅಂದರೆ ಸೆಕೆಂಡಿಗೆ ಎಷ್ಟು ಶಕ್ತಿ ಬಳಕೆಯಾಗುತ್ತಿದೆ ಎಂಬ ಲೆಕ್ಕ. ಸೂತ್ರಗಳು ಇವೆರಡೇ.

ರಾಡ್‌ನಿಂದ ಶುರು ಮಾಡೋಣ. ಅದರ ಮೇಲೆ 1500 ವಾಟ್, 230 ವೋಲ್ಟ್ ಎಂದು ಬರೆದಿದೆ. 1500ನ್ನು 230ರಿಂದ ಭಾಗಿಸಿದರೆ ಕರೆಂಟು ಸುಮಾರು 6.5 ಆಂಪಿಯರ್. 230ನ್ನು ಈ 6.5ರಿಂದ ಭಾಗಿಸಿದರೆ ರೋಧ ಸುಮಾರು 35 ಓಮ್. ಈಗ ವೋಲ್ಟೇಜ್ 180ಕ್ಕೆ ಬಿತ್ತು ಎನ್ನಿ. ರಾಡ್‌ನೊಳಗಿನ ತಂತಿ ಬದಲಾಗಿಲ್ಲ, ರೋಧ ಹೆಚ್ಚುಕಡಿಮೆ ಅದೇ 35. ಆದ್ದರಿಂದ ಕರೆಂಟು ಸುಮಾರು 5.1 ಆಂಪಿಯರ್‌ಗೆ ಇಳಿಯುತ್ತದೆ. 180ನ್ನು 5.1ರಿಂದ ಗುಣಿಸಿ: 918 ವಾಟ್. ವೋಲ್ಟೇಜ್ ಇಳಿದದ್ದು ನೂರಕ್ಕೆ 22ರಷ್ಟು, ಕಾವು ಇಳಿದದ್ದು ನೂರಕ್ಕೆ ಸುಮಾರು 39ರಷ್ಟು! ವೋಲ್ಟೇಜ್ ಕಡಿಮೆಯಾದಾಗ ಕರೆಂಟೂ ಜೊತೆಗೇ ಇಳಿಯುವುದರಿಂದ ಹೊಡೆತ ಎರಡು ಸಲ ಬೀಳುತ್ತದೆ. ರಾಡ್ ಮೇಲೆ ಬರೆದ ವಾಟ್ ಅಲ್ಲೇ ಬರೆದ ವೋಲ್ಟೇಜಿಗೆ ಮಾತ್ರ ನಿಜ. (ಹಂಡೆಗೆ ಅಡಿಕೆ ಸೋಗೆಯ ಬೆಂಕಿ ಹಾಕುವ ಮನೆಯವರಿಗೆ ಈ ತಲೆಬಿಸಿಯೇ ಇಲ್ಲ.)

ಮೋಟಾರಿನ ಗುಣವೇ ಬೇರೆ. ಬಾವಿಯಿಂದ ನೀರೆತ್ತುವ ಭಾರ ಅದರ ಮೇಲಿದೆ. ವೋಲ್ಟೇಜ್ ಇಳಿದರೂ ಆ ಭಾರವೇನೂ ಇಳಿಯುವುದಿಲ್ಲ. ಹಾಗಾಗಿ ಅದು ಹೆಚ್ಚು ಕರೆಂಟು ಎಳೆಯುತ್ತದೆ. ಮೇಲಿನ ಎರಡು ಸೂತ್ರಗಳನ್ನು ಸೇರಿಸಿದರೆ, ವೈಂಡಿಂಗ್‌ನಲ್ಲಿ, ಅಂದರೆ ಮೋಟಾರಿನೊಳಗಿನ ತಂತಿ ಸುರುಳಿಯಲ್ಲಿ, ಹುಟ್ಟುವ ಬಿಸಿಯ ಲೆಕ್ಕ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಷ್ಟು. 10 ಆಂಪಿಯರ್ 12 ಆದರೆ ಏರಿಕೆ ಐದರಲ್ಲೊಂದು ಪಾಲು, ಆದರೆ ಬಿಸಿಯ ಏರಿಕೆ ನೂರಕ್ಕೆ 44. ಏಪ್ರಿಲ್ ತಿಂಗಳಲ್ಲಿ ವೈಂಡಿಂಗ್ ಅಂಗಡಿಗಳಲ್ಲಿ ಮೋಟಾರು ಸಾಲುಗಟ್ಟುವುದರ ಹಿಂದೆ ಈ ವರ್ಗವೂ ಇದೆ.

ಲೈನಿನ ವೋಲ್ಟೇಜ್ ವಿದ್ಯುತ್ ಕಂಪನಿ ಮೆಸ್ಕಾಂ ಕೈಯಲ್ಲಿದೆ. ಆದರೆ ಮೀಟರಿನಿಂದ ಬಾವಿಯವರೆಗಿನ ವಯರು ನಮ್ಮದು. 2.5 ಚದರ ಮಿಲಿಮೀಟರ್ ತಾಮ್ರದ ವಯರಿಗೆ 100 ಮೀಟರಿಗೆ ಸುಮಾರು 0.7 ಓಮ್ ರೋಧ. ಬಾವಿ 200 ಮೀಟರ್ ದೂರ ಇದ್ದರೆ, ಹೋಗುವ ತಂತಿ, ಬರುವ ತಂತಿ ಸೇರಿ 400 ಮೀಟರ್, ರೋಧ 2.8 ಓಮ್. ಬರುವ ತಂತಿಯನ್ನು ಲೆಕ್ಕಕ್ಕೆ ಸೇರಿಸಲು ಮರೆಯುವವರೇ ಜಾಸ್ತಿ. ಸಿಂಗಲ್ ಫೇಸ್ ಪಂಪು 10 ಆಂಪಿಯರ್ ಎಳೆದರೆ ದಾರಿಯಲ್ಲೇ 28 ವೋಲ್ಟ್ ಸೋರಿಹೋಗುತ್ತದೆ. ಮನೆಯಲ್ಲಿ 200 ಇದ್ದದ್ದು ಬಾವಿಯ ಹತ್ತಿರ 172. ವಯರು ಬರೀ ಬಿಸಿಯಾಗಲು ತಿನ್ನುವುದು 280 ವಾಟ್. 4 ಚದರ ಮಿಲಿಮೀಟರ್ ವಯರು ಎಳೆದರೆ ರೋಧ 1.75 ಓಮ್, ನಷ್ಟ 175 ವಾಟ್. ಹೊಸ ಪಂಪಿಗೆ ದುಡ್ಡು ಹಾಕುವ ಮೊದಲು ವಯರಿನ ದಪ್ಪ ನೋಡಿ ಎಂದು ನಾನು ಹೇಳುವುದು ಅದಕ್ಕೇ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದಾಗಲೂ ಕಾಡಿದ್ದು ಇದೇ ನಷ್ಟ. ಅಲ್ಲಿ ವೋಲ್ಟೇಜನ್ನೇ ಹತ್ತಾರು ಸಾವಿರಕ್ಕೆ ಏರಿಸಿದರು. ವೋಲ್ಟೇಜ್ ಹೆಚ್ಚಿದರೆ ಅಷ್ಟೇ ವಾಟ್‌ಗೆ ಕಡಿಮೆ ಕರೆಂಟು ಸಾಕು, ವರ್ಗದ ಲೆಕ್ಕದಲ್ಲಿ ನಷ್ಟವೂ ಇಳಿಯುತ್ತದೆ. ನಮ್ಮ ಟಿ.ಸಿ.ಗೆ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿಗೆ, 11,000 ವೋಲ್ಟ್ ಬರುವುದೂ ಈ ಕಾರಣಕ್ಕೇ.

ಲೆಕ್ಕ ಕಲಿಯುವವರಿಗೆ ಎರಡು ಎಚ್ಚರಿಕೆ. ಮೋಟಾರಿನಲ್ಲಿ ವೋಲ್ಟೇಜ್ ಗುಣಿಸು ಕರೆಂಟು ಎಂದರೆ ನಿಜವಾದ ವಾಟ್ ಸಿಗುವುದಿಲ್ಲ; ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಕಡಿಮೆಯಾದ ಸಂಖ್ಯೆಯಿಂದ ಮತ್ತೆ ಗುಣಿಸಬೇಕು. ಇನ್ನೊಂದು, ಹಳೆಯ 60 ವಾಟ್ ಬಲ್ಬಿನ ರೋಧ ಲೆಕ್ಕದಲ್ಲಿ 882 ಓಮ್. ತಣ್ಣಗಿರುವಾಗ ಮಲ್ಟಿಮೀಟರ್ ಹಿಡಿದರೆ ಅದರ ಹತ್ತರಲ್ಲೊಂದು ಪಾಲೂ ತೋರಿಸುವುದಿಲ್ಲ. ಮೀಟರೂ ಕೆಟ್ಟಿಲ್ಲ, ಸೂತ್ರವೂ ಕೆಟ್ಟಿಲ್ಲ. ಬಲ್ಬಿನ ಟಂಗ್‌ಸ್ಟನ್ ಎಳೆ ಕಾದು ಬೆಳಗುವಾಗ ರೋಧ ಅಷ್ಟು ಏರುತ್ತದೆ. ಮತ್ತೆ, ಓಮ್ ಅಳೆಯುವಾಗ ಪ್ಲಗ್ ಕಿತ್ತಿರಲೇಬೇಕು.

ಅಭ್ಯಾಸಕ್ಕೆ ಮನೆಯ ಇಸ್ತ್ರಿಪೆಟ್ಟಿಗೆಯ ಬೆನ್ನಿನ ಮೇಲೆ ಬರೆದ ಸಂಖ್ಯೆಗಳನ್ನು ತೆಗೆದುಕೊಳ್ಳಿ, 200 ವೋಲ್ಟಿಗೆ ಅದರ ವಾಟ್ ಎಷ್ಟೆಂದು ಹೇಳಿ. ಮಿಕ್ಸಿ ಬೇಡ, ಅದರೊಳಗೆ ಇರುವುದು ಮೋಟಾರು.