ಬದುವಿನ ಮೇಲೆ ತಂಗಡಿ ಇರಲಿ

ಮಳೆ ಕೈಕೊಟ್ಟ ವರ್ಷವೂ ಚಿತ್ರದುರ್ಗ, ಪಾವಗಡ, ಬಳ್ಳಾರಿ ಕಡೆಯ ಗರಸು ನೆಲದಲ್ಲಿ ಹಸಿರಾಗಿ ನಿಂತು ಹಳದಿ ಹೂ ಬಿಡುವ ಗಿಡ ತಂಗಡಿ. ಕೆಲವರು ಆವರಿಕೆ ಎನ್ನುತ್ತಾರೆ. ಪಕ್ಕದ ತೆಲಂಗಾಣಕ್ಕೆ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು. ನಮ್ಮಲ್ಲಿ ಬದು ಸವರಲು ಜೆಸಿಬಿ ಬಂದರೆ ಮೊದಲು ಬುಡಮೇಲಾಗುವುದು ಇದೇ. ಈ ಗಿಡವನ್ನು ಕೀಳುವುದಲ್ಲ, ಇಲ್ಲದ ಕಡೆ ಹಚ್ಚಬೇಕು.

ಗುರುತು ತಪ್ಪಬಾರದು. ತಂಗಡಿಯ ಎಲೆದಂಟು ಕೊಂಬೆಗೆ ಸೇರುವಲ್ಲಿ ಕಿವಿಯಂತೆ ಅಗಲವಾದ ಕಿರುಪತ್ರಗಳಿರುತ್ತವೆ, ಕಾಯಿ ಚಪ್ಪಟೆ, ಕಾಗದದಷ್ಟು ತೆಳು. ಇದೇ ಕುಲದ, ಹಳದಿ ಹೂವಿನದೇ ಆದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ವಿದೇಶಿ ಮರ ಬಂಡೀಪುರ, ನಾಗರಹೊಳೆ ಕಾಡುಗಳಿಗೆ ನುಗ್ಗಿ ಕಾಟ ಕೊಡುತ್ತಿದೆ. ಅದರ ಬೀಜ ಹೊಲಕ್ಕೆ ಬರಬಾರದು. ಆದ್ದರಿಂದ ನಿಮ್ಮ ಊರಿನ ಗಿಡದಿಂದಲೇ ಬೀಜ ಆಯ್ದುಕೊಳ್ಳುವುದು ಒಳ್ಳೆಯದು.

ಬೀಜದ ಸಿಪ್ಪೆ ಗಟ್ಟಿ. ಹಾಗೆಯೇ ಬಿತ್ತಿದರೆ ಒಂದಷ್ಟು ಮೊಳೆತು ಉಳಿದದ್ದು ಮಣ್ಣಿನಲ್ಲೇ ಮಲಗಿರುತ್ತದೆ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ, ನೀರು ಆರಿದ ಮೇಲೂ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಉಬ್ಬಿದ ಬೀಜವನ್ನು ಆರಿಸಿ ಬಿತ್ತಿ. ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಸಸಿ ಕಿತ್ತು ನೆಟ್ಟರೆ ಬಾಡುತ್ತದೆ. ಮುಂಗಾರು ನೆಲ ನೆನೆಸಿದ ಕೂಡಲೇ ಬದುವಿನ ಮೇಲೆ ನೇರವಾಗಿ, ಬೆರಳಿನ ಒಂದು ಗೆಣ್ಣಿನಷ್ಟು ಆಳದಲ್ಲಿ, ಎರಡು ಮೂರು ಅಡಿಗೊಂದು ಗುಣಿಯಂತೆ ಊರುವುದೇ ಸರಿ. ಗುಣಿಗೆ ಮೂರು ನಾಲ್ಕು ಬೀಜ ಹಾಕಿ, ಆಮೇಲೆ ಚೆನ್ನಾಗಿರುವ ಒಂದನ್ನು ಉಳಿಸಿ.

ಮೊದಲ ವರ್ಷ ಕಳೆ ತೆಗೆಯಬೇಕು. ಮಳೆ ತೀರಾ ಹಿಂದೆ ಸರಿದರೆ ಒಂದೆರಡು ಬಾರಿ ನೀರು ಕೊಟ್ಟರೆ ಸಾಕು. ಕೆಂಪು ಮಣ್ಣು, ಕಲ್ಲು ನೆಲ ಎಲ್ಲಕ್ಕೂ ಒಗ್ಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ಹಾಕಬೇಡಿ. ಹಳದಿ ಚಿಟ್ಟೆಯ ಹಸಿರು ಹುಳು ಎಲೆ ಮೇಯುವುದುಂಟು. ಗಿಡ ಮತ್ತೆ ಚಿಗುರುತ್ತದೆ, ಔಷಧಿ ಹೊಡೆಯುವ ಅಗತ್ಯವಿಲ್ಲ. ದನಗಳು ಸುಲಭಕ್ಕೆ ಬಾಯಿ ಹಾಕುವುದಿಲ್ಲವಾದ್ದರಿಂದ ಕಾವಲಿನ ಚಿಂತೆಯೂ ಕಡಿಮೆ.

ಎರಡನೇ ವರ್ಷದಿಂದ ಸೊಪ್ಪು ಸಿಗುತ್ತದೆ. ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿದರೆ ಬುಡದಿಂದ ಕವಲು ಒಡೆದು ಪೊದೆ ದಟ್ಟವಾಗುತ್ತದೆ. ಹೂ ಬಲಿಯುವ ಮೊದಲಿನ ಎಳೆ ಸೊಪ್ಪನ್ನು ನಾಟಿಗೆ ಎರಡು ವಾರ ಮುಂಚೆ ಗದ್ದೆಗೆ ತುಳಿಸಿ. ದ್ವಿದಳ ಜಾತಿಯದಾದರೂ ಇದರ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳು ಕಟ್ಟುವುದಿಲ್ಲ. ಗಿಡ ನಿಂತ ಮಾತ್ರಕ್ಕೆ ನೆಲ ಫಲವತ್ತಾಗದು, ಸೊಪ್ಪು ಕೊಯ್ದು ಮಣ್ಣಿಗೆ ಸೇರಿಸಿದಾಗಲೇ ಲಾಭ.

ತೊಗಟೆಯಲ್ಲಿ ಒಗರು ಹೆಚ್ಚು. ದಕ್ಷಿಣದ ಚರ್ಮ ಹದ ಮಾಡುವವರು ಹಿಂದೆ ಇದನ್ನೇ ನೆಚ್ಚಿದ್ದರು. ಈಗ ಅದಕ್ಕಾಗಿ ಸುಲಿಯಬೇಡಿ, ತೊಗಟೆ ಸುತ್ತ ಸುಲಿದ ಗಿಡ ಉಳಿಯದು. ನೆರಳಲ್ಲಿ ಒಣಗಿಸಿದ ಹೂವನ್ನು ಕಷಾಯಕ್ಕೆ ಕೊಳ್ಳುವವರಿದ್ದಾರೆ. ಕೊಳ್ಳುವವರು ಯಾರೆಂದು ಖಾತ್ರಿಯಾಗದೆ ಎಕರೆಗಟ್ಟಲೆ ಹಾಕಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಬಿಟ್ಟು ಈ ಕಷಾಯವನ್ನೇ ನಂಬುವುದೂ ತಪ್ಪು. ಎಲ್ಲ ಹೂ ಬಿಡಿಸಬೇಡಿ. ಮಕರಂದವಿಲ್ಲದಿದ್ದರೂ ಇದರ ಪರಾಗಕ್ಕೆ ಬರುವ ದೊಡ್ಡ ಕಪ್ಪು ದುಂಬಿಗಳು ನಿಮ್ಮ ಬೇರೆ ಬೆಳೆಗಳ ಹೂಗಳಿಗೂ ಹೋಗುತ್ತವೆ.

ಈ ಸಲ ಕಾಯಿ ಒಣಗಿದಾಗ ಒಂದು ಬೊಗಸೆ ಬೀಜ ಎತ್ತಿಟ್ಟುಕೊಳ್ಳಿ, ಮುಂದಿನ ಮುಂಗಾರಿಗೆ ಒಂದು ಬದುವಿಗಾದರೂ ಹಾಕಿ ನೋಡಿ.